ಟೈಲರಮ್ಮ ಕ್ರೇನು ನಿಲ್ಲಿಸಿದ್ದು

ಒಂದು ಶಾಲಾ ಅಂಗಿಗೆ ಕಾಲರ್ ಹೊಲಿದುಕೊಟ್ಟರೆ ಸಿಗುವ ದುಡ್ಡಿಗೆ ಒಂದು ಬಾಳೆಹಣ್ಣು ಬರುತ್ತದೆ, ಅದೂ ಸಣ್ಣದು. ಪೇಟೆ ನಡುವಿನ ಆ ಹೋಟೆಲಿನಲ್ಲಿ ವಾರದ ಕೊನೆಗೆ ತಂಗಬೇಕೆಂದರೆ ಅಂಥ ಕಾಲರುಗಳನ್ನು ಇಡೀ ಬೇಸಿಗೆ ಹೊಲಿಯಬೇಕು. ಟೈಲರಮ್ಮ ಹೊಲಿದಳು. ಅದೇ ದುಡ್ಡಿನಲ್ಲಿ ಹೊಲಿಗೆ ಯಂತ್ರಕ್ಕೆ ಹೊಸ ಮೋಟಾರು, ಇಬ್ಬರಿಗೂ ಗಟ್ಟಿ ಚಪ್ಪಲಿ, ಅಡುಗೆಮನೆಯ ಸೋರುವ ನಲ್ಲಿಯ ರಿಪೇರಿ ಎಲ್ಲವೂ ಆಗಿ ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಅವಳೇನು ಲೆಕ್ಕ ಬಾರದವಳಲ್ಲ. ಆದರೆ ಈ ಸಲ ಅವಳು ಕೊಳ್ಳಬೇಕಿದ್ದದ್ದು ಸಾಮಾನಲ್ಲ, ಗಂಡನ ಬಾಯಿಂದ ಒಂದು ‘ಹೂಂ’.

ಗಂಡ ಕ್ರೇನ್ ಆಪರೇಟರ್. ದೊಡ್ಡ ಕಟ್ಟಡಗಳು ಏಳುವ ಕಡೆ ಆಕಾಶಕ್ಕೆ ತೋಳು ಚಾಚಿ ನಿಂತಿರುತ್ತದಲ್ಲ, ಅದರ ನೆತ್ತಿಯ ಗಾಜಿನ ಗೂಡಿನಲ್ಲಿ ಕೂತು ಭಾರ ಎತ್ತಿ ಇಳಿಸುವವನು. ಬೆಳಗ್ಗೆ ಏಣಿ ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ಬೀದಿಯವರು ಅವನಿಗೆ ‘ಮೇಲಿನವರು’ ಎಂದೇ ಹೆಸರಿಟ್ಟಿದ್ದರು. ಮನೆಗೆ ಬಂದವರು, ಮೇಲಿನವರು ಇದ್ದಾರಾ ಎಂದು ಕೇಳಿ, ಇಲ್ಲವೆಂದರೆ, ಹೋಗಲಿ ಬಿಡಿ, ಮೇಲಿನವರ ಇಚ್ಛೆ ಎಂದು ನಕ್ಕು ಹೋಗುತ್ತಿದ್ದರು. ಟೈಲರಮ್ಮನೂ ನಗುತ್ತಿದ್ದಳು, ಆ ಗಾಳಿಯ ದಿನದವರೆಗೆ.

ಅವತ್ತು ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು, ಅವನು ಇಳಿಯಲಾಗದೆ ಮೇಲೆಯೇ ಸಿಕ್ಕಿಕೊಂಡ. ಮನೆಗೆ ಬಂದವನು ಊಟ ಮಾಡಿ, “ಸ್ವಲ್ಪ ಗಾಳಿ ಇತ್ತು” ಎಂದಷ್ಟೇ ಹೇಳಿ ಮಲಗಿದ. ಉಳಿದ ಕಥೆ ಅವಳಿಗೆ ತಿಳಿದದ್ದು ಬಟ್ಟೆ ಅಂಗಡಿಯಲ್ಲಿ, ಅವನ ಜೊತೆ ಕೆಲಸ ಮಾಡುವವನ ಹೆಂಡತಿಯ ಬಾಯಿಂದ. ಕ್ರೇನಿನ ತೋಳು ಗಾಳಿಪಟದ ಬಾಲದಂತೆ ಓಲಾಡಿತಂತೆ. ಕೆಳಗಿದ್ದವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಅಂದಿನಿಂದ ಟೈಲರಮ್ಮನ ಮನೆಯಲ್ಲಿ ಬಾಗಿಲು ಪಟಾರೆಂದರೂ ಅವಳ ಎದೆ ಝಲ್ಲೆನ್ನುತ್ತಿತ್ತು.

ಈಗ ಕಂಪನಿಯವರೇ ಕರೆದು, ವಯಸ್ಸಾಯಿತು, ಗೋದಾಮು ನೋಡಿಕೊಂಡು ಕೆಳಗೇ ಇರ್ತೀಯಾ ಎಂದು ಕೇಳಿದ್ದರು. ಸೋಮವಾರ ಉತ್ತರ ಹೇಳಬೇಕು. ಇಲ್ಲವೆಂದರೆ ಆ ಜಾಗಕ್ಕೆ ಬೇರೆಯವನು ಸಿದ್ಧ. ಗಂಡ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮಾತು ಎತ್ತಿದರೆ ಸಾಕು, ಬಟ್ಟೆ ಒಣಗಿದೆಯಾ ನೋಡಿ ಬರುತ್ತೇನೆಂದು ತಾರಸಿಗೆ ಹೋಗಿಬಿಡುವನು. ಬೇರೆ ದಿನ ಬಟ್ಟೆಯ ಕಡೆ ತಿರುಗಿಯೂ ನೋಡದವನು! ತಾರಸಿಯಿಂದ ಅವನ ಕ್ರೇನು ಕಾಣುತ್ತಿತ್ತು. ಅದು ಕಣ್ಣಿಗೆ ಬೀಳುವ ಜಾಗದಲ್ಲಿ ಈ ಮಾತು ಬಗೆಹರಿಯುವುದಿಲ್ಲ ಎಂದು ಟೈಲರಮ್ಮ ತೀರ್ಮಾನಿಸಿದಳು. ಹಳೇ ಪೇಟೆಯ ನಡುವೆ ಇನ್ನೊಂದು ಗೂಡಂಗಡಿಗೂ ಜಾಗವಿಲ್ಲ. ಅಲ್ಲಿ ಯಾರು ಏನು ಕಟ್ಟಿಯಾರು? ಮಗಳು ಫೋನಿನಲ್ಲಿ ಹೋಟೆಲಿನ ಚಿತ್ರ ತೋರಿಸಿದಾಗ, ಇದೇ ಇರಲಿ ಎಂದಳು. ಈಜುಕೊಳವಿತ್ತು, ಹಾಲಿನಂಥ ಹಾಸಿಗೆಯಿತ್ತು, ‘ಕಿಟಕಿಯಿಂದ ನಗರದ ನೋಟ’ ಎಂದು ಕೆಳಗೆ ಬರೆದಿತ್ತು.

ಶುಕ್ರವಾರ ಸಂಜೆ ಹೋಗಿ ನೋಡಿದರೆ ಈಜುಕೊಳದಲ್ಲಿ ನೀರಿನ ಬದಲು ಮುರಿದ ಕುರ್ಚಿಗಳಿದ್ದವು. ಒಂಬತ್ತನೇ ಮಹಡಿಯ ಕೋಣೆ ಒದ್ದೆ ಕಾರ್ಪೆಟ್ಟಿನ ವಾಸನೆ ಹೊಡೆಯುತ್ತಿತ್ತು. ಅದನ್ನು ಮುಚ್ಚಲು ಯಾರೋ ಸೆಂಟು ಎರಚಿದ್ದರಿಂದ ಎರಡು ವಾಸನೆಗಳಾಗಿದ್ದವು. ಎಸಿ ಗಂಟಲು ಸರಿಪಡಿಸಿಕೊಳ್ಳುವ ಮುದುಕನಂತೆ ನಿಂತು ನಿಂತು ಗುರುಗುಟ್ಟುತ್ತಿತ್ತು. ಟೈಲರಮ್ಮ ಮೊದಲು ಪರದೆಯ ಅಂಚು ಹಿಡಿದು ನೋಡಿದಳು. ಹೊಲಿಗೆ ಓರೆ. ಮಂಚದ ನಡುಭಾಗ ಕುಸಿದಿದ್ದರಿಂದ ಯಾವ ಮಗ್ಗುಲಲ್ಲಿ ಮಲಗಿದರೂ ಇಬ್ಬರೂ ಉರುಳಿ ಮಧ್ಯಕ್ಕೇ ಬರುತ್ತಿದ್ದರು.

“ಮದುವೆಯಾದ ಹೊಸದರಲ್ಲಿ ಸಿಗಬೇಕಿತ್ತು ಇಂಥ ಮಂಚ” ಎಂದ ಗಂಡ.

“ಆಗ ದುಡ್ಡೆಲ್ಲಿತ್ತು?”

“ಈಗೆಲ್ಲಿದೆ?” ಎಂದು ಅವನು ಗೋಡೆಯ ಕಡೆ ತಿರುಗಲು ಹೋಗಿ ಮತ್ತೆ ಮಧ್ಯಕ್ಕೇ ಬಂದ. ಆ ರಾತ್ರಿಗೆ ಅಷ್ಟು ಸಾಕು, ಮಾತು ನಾಳೆ ಎಂದುಕೊಂಡಳು.

ಬೆಳಗ್ಗೆ ಎದ್ದು ಪರದೆ ಸರಿಸಿದಳು. ನಗರ ಕಾಣಲಿಲ್ಲ. ಕಿಟಕಿಯ ತುಂಬ ಹಳದಿ ಕಬ್ಬಿಣ. ಕಿರಿದಾದ ರಸ್ತೆಯ ಆಚೆ ಯಾವುದೋ ಹಳೇ ಕಟ್ಟಡ ಕೆಡವಿ ಹೊಸದನ್ನು ಎಬ್ಬಿಸುತ್ತಿದ್ದರು. ಅದರ ಮಗ್ಗುಲಲ್ಲಿ ಕ್ರೇನು. ಅದರ ಗಾಜಿನ ಗೂಡು ಇವಳ ಕಿಟಕಿಗೆ ನೇರ ಎದುರಿಗೆ, ಎದುರು ಮನೆಯ ಜಗುಲಿಯಷ್ಟೇ ಹತ್ತಿರ. ಟೈಲರಮ್ಮ ಸರಕ್ಕನೆ ಪರದೆ ಎಳೆದಳು. ಅಷ್ಟರಲ್ಲಿ ಗಂಡ ಸ್ನಾನ ಮುಗಿಸಿ ಹೊರಗೆ ಬಂದಿದ್ದ.

“ಅದೇನೇ ಅದು, ತೆಗಿ ತೆಗಿ” ಎಂದ.

ತೆಗೆಯದೆ ವಿಧಿಯಿರಲಿಲ್ಲ. ಅವನ ಮುಖ ನೆಂಟರನ್ನು ಕಂಡ ಮಗುವಿನ ಮುಖದಂತಾಯಿತು. ತನ್ನದಕ್ಕಿಂತ ಹೊಸದು, ಹಗ್ಗ ಜೋಡಿಯದು, ಗೂಡಿನಲ್ಲಿ ಕೂತ ಹುಡುಗನ ಕೈ ಹದವಾಗಿದೆ ಎಂದು ಹೊಗಳತೊಡಗಿದ. ಟೈಲರಮ್ಮ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಕೌಂಟರಿನ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡಳು. ಹಲ್ಲಿನ ಡಾಕ್ಟರುಗಳ ಸಮ್ಮೇಳನವಿದ್ದು ಬೇರೆ ಕೋಣೆ ಒಂದೂ ಖಾಲಿಯಿಲ್ಲವಂತೆ. ನಗರದ ನೋಟ ಎಂದು ಹಾಕಿದ್ದೀರಲ್ಲ ಎಂದರೆ, ಅದೂ ನಗರವೇ ಅಲ್ವಾ ಮೇಡಂ ಎಂದು ಹುಡುಗಿ ಅಷ್ಟೇ ಮೃದುವಾಗಿ ಹೇಳಿ, ಸಮಾಧಾನಕ್ಕೆ ಒಂದು ತಟ್ಟೆಯಲ್ಲಿ ಎರಡು ಸೇಬು ಇಟ್ಟುಕೊಟ್ಟಳು. ದುಡ್ಡು ವಾಪಸ್ ಕೊಡುವ ಮಾತೇ ಇಲ್ಲ.

ಸೇಬಿನ ತಟ್ಟೆ ಹಿಡಿದು ಮೇಲೆ ಬಂದಾಗ ಗಂಡ ಕುರ್ಚಿ ಎಳೆದುಕೊಂಡು ಕಿಟಕಿಗೆ ಅಂಟಿ ಕೂತಿದ್ದ. ಬಯ್ಯಬೇಕೆಂದೇ ಅವನ ಹಿಂದೆ ಹೋಗಿ ನಿಂತವಳು, ಹಾಗೇ ಕಣ್ಣು ಹಾಯಿಸಿದಳು. ಮೊಟ್ಟಮೊದಲ ಸಲ ಸರಿಯಾಗಿ ನೋಡಿದಳು.

ಇಷ್ಟು ವರ್ಷ ಅವಳಿಗೆ ಕ್ರೇನೆಂದರೆ ಕೆಳಗಿನಿಂದ ಕಾಣುವ ಕಡ್ಡಿ. ಕತ್ತೆತ್ತಿದರೆ ಕುತ್ತಿಗೆ ನೋಯುತ್ತದೆ, ಅಷ್ಟೇ. ಈಗ ಅದೇ ಮಟ್ಟದಲ್ಲಿ ನಿಂತು ನೋಡಿದರೆ ಅಲ್ಲೊಂದು ಕೋಣೆ ಇತ್ತು. ಮಂಚ ಹಾಕಿದರೆ ಹಿಡಿಸದಷ್ಟು ಚಿಕ್ಕ ಕೋಣೆ; ಒಂದು ಕುರ್ಚಿ, ಮೊಳೆಗೆ ನೇತುಹಾಕಿದ ನೀರಿನ ಬಾಟಲಿ, ಗಾಜು ಒರೆಸುವ ಚಿಂದಿ, ಮೂಲೆಯಲ್ಲಿ ಊಟದ ಡಬ್ಬಿ. ನೆಲವೂ ಗಾಜೇ. ಆ ಹುಡುಗನ ಪಾದಗಳ ಕೆಳಗೆ ಏನೂ ಇರಲಿಲ್ಲ. ತೀರಾ ಕೆಳಗೆ, ಜನ ಚೆಲ್ಲಿದ ಎಳ್ಳಿನಂತೆ ಓಡಾಡುತ್ತಿದ್ದರು. ಅವನು ಒಬ್ಬನೇ ಕೂತು ಎರಡು ಹಿಡಿಕೆಗಳನ್ನು ಬೆರಳ ತುದಿಯಲ್ಲಿ ಸವರಿದಂತೆ ಮಾಡುತ್ತಿದ್ದ; ಅಷ್ಟಕ್ಕೇ ಅಷ್ಟುದ್ದದ ಕಬ್ಬಿಣದ ತೋಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ನಿಧಾನವಾಗಿ ತಿರುಗುತ್ತಿತ್ತು. ಕಬ್ಬಿಣದ ಸರಳುಗಳ ದೊಡ್ಡ ಕಟ್ಟು ಗುಬ್ಬಿ ಕೂತಷ್ಟು ಸದ್ದಿಲ್ಲದೆ ಹೋಗಿ ಹೇಳಿದ ಜಾಗದಲ್ಲಿ ಕೂತಿತು.

ಅವಳ ಕೈಯಲ್ಲಿ ತಟ್ಟೆ ಹಾಗೇ ಇತ್ತು. ತಾನು ಪ್ರತಿದಿನ ಕಟ್ಟಿಕೊಡುತ್ತಿದ್ದ ಡಬ್ಬಿ ಇಂಥ ಜಾಗಕ್ಕೆ ಹೋಗುತ್ತಿತ್ತು. ಮದುವೆಯಾದಂದಿನಿಂದ ಗಂಡ ಹಗಲೆಲ್ಲ ಇದ್ದ ಕೋಣೆ ಇದು. ಅದರ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದೂ ತಾನು ಕೇಳಿರಲಿಲ್ಲ.

ಆದರೂ ಅವಳು ಬಂದ ಕೆಲಸ ಮರೆಯುವವಳಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಾತು ತೆಗೆದಳು. ಇಲ್ಲಿ ತಾರಸಿಯೂ ಇರಲಿಲ್ಲ, ಒಣಗುವ ಬಟ್ಟೆಯೂ ಇರಲಿಲ್ಲ. ಆದರೆ ಅವನು ಕಿಟಕಿ ಬಿಟ್ಟು ಕದಲಲಿಲ್ಲ. ಇವಳು ಸಂಬಳದ ವಿಷಯ ಹೇಳಿದರೆ ಅವನು, ನೋಡೇ, ಈಗ ಮೆಟ್ಟಿಲು ಎತ್ತುತ್ತಾರೆ ಎಂದ. ಇವಳು ಮಂಡಿನೋವಿನ ವಿಷಯ ಹೇಳಿದರೆ ಅವನು, ಗಾಳಿ ಬಿದ್ದಿದೆ, ಒಳ್ಳೇ ಹೊತ್ತು ಎಂದ. ಅಂತೂ ಬಾಯಿಬಿಟ್ಟು, ಗೋದಾಮಿನಲ್ಲಿ ಸಿಮೆಂಟು ಮೂಟೆ ಎಣಿಸುತ್ತಾ ಕೂತು ಸಾಯಲಾ ಎಂದ. ಮೇಲೆ ಕೂತು ಸಾಯುವುದಕ್ಕಿಂತ ವಾಸಿ ಎಂದಳು ಅವಳು. ಮಾತಿಗೆ ಮಾತು ಬೆಳೆಯಿತು.

ಅವರ ಮನೆಯಲ್ಲೊಂದು ರೂಢಿಯಿತ್ತು. ಹೊಲಿಗೆ ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದೆ ಇಬ್ಬರೂ ಅರ್ಧ ಸಂಸಾರವನ್ನು ಕೈಸನ್ನೆಯಲ್ಲೇ ನಡೆಸಿದವರು. ಅಂಗೈ ಬೋರಲು ಮಾಡಿ ಇಳಿಸಿದರೆ ಒಲೆ ಸಣ್ಣ ಮಾಡು. ಬೆರಳೆತ್ತಿ ತಿರುಗಿಸಿದರೆ ಏಳು, ಹೊತ್ತಾಯಿತು. ಇವೆಲ್ಲ ಅವನ ಕೆಲಸದ ಸನ್ನೆಗಳೆಂದು ಅವಳಿಗೆ ಗೊತ್ತಿತ್ತು. ಒಂದನ್ನು ಮಾತ್ರ ತನ್ನ ಸ್ವಂತದ್ದು ಎಂದುಕೊಂಡಿದ್ದಳು. ಜಗಳ ಕೈಮೀರಿದಾಗ ಅವಳು ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿಬಿಟ್ಟರೆ ಅವನು ಬಾಯಿಗೆ ಬಂದ ಮಾತನ್ನೂ ನುಂಗಿ ಕಲ್ಲಾಗಿ ನಿಂತುಬಿಡುತ್ತಿದ್ದ. ಅತ್ತೆ ಇದ್ದಾಗ, ನನ್ನ ಮಗನ ಸ್ವಿಚ್ಚು ಸೊಸೆ ಕೈಲಿದೆ ಎಂದು ಹಂಗಿಸುತ್ತಿದ್ದರು. ಟೈಲರಮ್ಮ ಒಳಗೊಳಗೇ ಹಿಗ್ಗುತ್ತಿದ್ದಳು. ಗಂಡ ತನಗೆ ಕೊಡುವ ಮರ್ಯಾದೆ ಅದು ಎಂದು ನಂಬಿ, ಆ ಸನ್ನೆಯನ್ನು ಒಳ್ಳೇ ಒಡವೆಯಂತೆ ಅಪರೂಪಕ್ಕೆ ಮಾತ್ರ ಹೊರತೆಗೆಯುತ್ತಿದ್ದಳು.

ಈಗ ಹೊರತೆಗೆದಳು. ಅವನ ಕಣ್ಣಿಗೆ ಕ್ರೇನು ಕಾಣದ ಹಾಗೆ ಕುರ್ಚಿಗೂ ಕಿಟಕಿಗೂ ನಡುವೆ ನುಗ್ಗಿ, ಗಾಜಿಗೆ ಬೆನ್ನು ಕೊಟ್ಟು ನಿಂತು, ಎರಡೂ ತೋಳು ಅಗಲಕ್ಕೆ ಚಾಚಿದಳು.

ಗಂಡ ಸುಮ್ಮನಾದ. ಆದರೆ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಅವಳ ಭುಜದಾಚೆಗಿತ್ತು. ಹೊರಗೆ ಬೆಳಗಿನಿಂದ ಗುಂಯ್‌ಗುಡುತ್ತಿದ್ದ ಸದ್ದು ನಿಂತುಹೋಗಿತ್ತು.

“ನಿಲ್ಲಿಸಿಬಿಟ್ಟೆಯಲ್ಲೇ” ಎಂದ ಅವನು, ಪಿಸುದನಿಯಲ್ಲಿ.

ತಿರುಗಿ ನೋಡಿದಳು. ಎರಕದ ಕಾಂಕ್ರೀಟ್ ಮೆಟ್ಟಿಲುಗಳ ಒಂದು ಇಡೀ ಸಾಲು ರಸ್ತೆಯ ಮೇಲೆ ನಡು ಆಕಾಶದಲ್ಲಿ ನಿಂತಿತ್ತು. ಗಾಜಿನ ಗೂಡಿನ ಹುಡುಗ ಹಿಡಿಕೆಗಳಿಂದ ಕೈ ತೆಗೆದು ನೇರವಾಗಿ ಇವಳನ್ನೇ ನೋಡುತ್ತಿದ್ದ. ಕೆಳಗೆ ಎಳ್ಳುಕಾಳುಗಳೆಲ್ಲ ಇದ್ದಲ್ಲೇ ನಿಂತು ತಲೆಯೆತ್ತಿದ್ದವು. ಟೈಲರಮ್ಮನ ತೋಳುಗಳು ಇನ್ನೂ ಚಾಚಿದಂತೆಯೇ ಇದ್ದವು. ಇಳಿಸಿದರೆ ಎಲ್ಲಿ ಎಲ್ಲ ಬಿದ್ದುಹೋಗುತ್ತದೋ ಎಂದು ಇಳಿಸಲೂ ಭಯ. ಗಂಡನೇ ಬಂದು ಮೆಲ್ಲಗೆ ಇಳಿಸಿದ.

“ತೋಳು ಹಂಗೆ ಚಾಚಿದ್ರೆ ನಿಲ್ಲಿಸು ಅಂತ” ಎಂದ. “ಬೇರೆ ಸನ್ನೆಗಳಾದ್ರೆ ಒಬ್ಬನೇ ಕೊಡಬೇಕು, ಅದಕ್ಕೆ ಅಂತ ಇಟ್ಟಿರೋನು. ಇದೊಂದನ್ನ ಯಾರು ಬೇಕಾದ್ರೂ ಕೊಡಬಹುದು. ಇಂಜಿನಿಯರ್ ಆಗ್ಲಿ, ದಾರಿಹೋಕ ಆಗ್ಲಿ. ಯಾಕೆ ಅಂತ ಕೇಳೋ ಹಾಗಿಲ್ಲ, ಮೊದಲು ನಿಲ್ಲಿಸಬೇಕು.”

“ಕಿಟಕೀಲಿ ನಿಂತ ಹೆಂಗಸು ಕೊಟ್ಟರೂ?”

“ಅವಳಿಗೆ ಏನು ಕಾಣಿಸ್ತೋ ಯಾರಿಗೆ ಗೊತ್ತು?”

ಟೈಲರಮ್ಮ ಕಿಟಕಿಯಿಂದ ಹಿಂದೆ ಸರಿದಳು. ಮಂಚದ ಅಂಚಿಗೆ ಕೂತಳು. ಅಷ್ಟು ಜನ, ಅಷ್ಟು ಕಬ್ಬಿಣ, ಬೀದಿಯ ಮೇಲೆ ತೂಗುವ ಅಷ್ಟು ಭಾರ, ಎಲ್ಲವೂ ಕಾಲರ್ ಹೊಲಿಯುವ ತನ್ನ ಎರಡು ತೋಳುಗಳಿಗೆ ಕಟ್ಟುಬಿದ್ದು ನಿಂತಿದ್ದವು. ಅಂಗಡಿಯಲ್ಲಿ ಕೂಲಿ ಹೆಚ್ಚಿಸಿ ಎಂದರೆ ಕತ್ತೆತ್ತಿಯೂ ನೋಡದ ಊರಿನಲ್ಲಿ!

ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು.

“ಹಾಗಾದ್ರೆ ಮನೇಲಿ ನೀವು ಸುಮ್ಮನಾಗ್ತಿದ್ದದ್ದು?”

ಅವನು ತಲೆ ಕೆರೆದುಕೊಂಡ. “ಮೊದಮೊದಲು ನೀನು ಕೈ ಚಾಚಿದ ತಕ್ಷಣ ಮೈ ತಾನಾಗೇ ನಿಂತುಬಿಡ್ತಿತ್ತು. ಆಮೇಲೆ ಅಭ್ಯಾಸ ಆಯ್ತು.”

“ನಾನು ಮರ್ಯಾದೆ ಅಂದ್ಕೊಂಡಿದ್ದೆ.”

“ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ವೇ” ಎಂದ ಅವನು, ತಮಾಷೆಯ ಸುಳಿವಿಲ್ಲದೆ.

ತಪ್ಪೊಪ್ಪಿಕೊಳ್ಳಲೇಬೇಕೆಂದು ಅವಳು ಹಟ ಹಿಡಿದಳು. ಇಬ್ಬರೂ ರಸ್ತೆ ದಾಟಿ ಗೇಟಿನ ಹತ್ತಿರ ಹೋದರು. ಕೆಳಗಿನಿಂದ ಸನ್ನೆ ಕೊಡುವವನು, ಕೇಸರಿ ಜಾಕೆಟ್ಟಿನ ನರೆಗಡ್ಡದವನು, ತೂಗುತ್ತಿದ್ದ ಭಾರದ ನೆರಳಿಗೆ ಯಾರೂ ಹೋಗದಂತೆ ಅಡ್ಡ ನಿಂತಿದ್ದ. ಅವನ ಜನ ಹಗ್ಗ, ಕೊಂಡಿ, ಕ್ರೇನಿನ ಬುಡ ಎಲ್ಲವನ್ನೂ ಪರೀಕ್ಷಿಸಿ ಆಗಿತ್ತು. ಟೈಲರಮ್ಮ ಬೈಗುಳಕ್ಕೆ ಸಿದ್ಧಳಾಗಿಯೇ, ನಿಲ್ಲಿಸಿದ್ದು ನಾನೇ ಎಂದಳು.

“ಏನು ಕಾಣಿಸ್ತಮ್ಮ?” ಎಂದ ನರೆಗಡ್ಡದವನು. ದನಿಯಲ್ಲಿ ಕೋಪದ ಎಳೆಯೂ ಇಲ್ಲ.

“ಏನೂ ಕಾಣಿಸಲಿಲ್ಲ. ಮನೆ ಜಗಳ.”

ಅವನು ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿ, ವಾಕಿಟಾಕಿಯನ್ನು ಬಾಯಿಗೆ ಹಿಡಿದು, “ಕಾರಣ ಸಿಕ್ತು. ಮನೆ ಜಗಳ. ಜಗಳ ಇನ್ನೂ ಮುಗಿದಿಲ್ಲ, ಕೆಲಸಕ್ಕೇನೂ ಅಡ್ಡಿಯಿಲ್ಲ” ಎಂದು ಗಂಭೀರವಾಗಿ ವರದಿ ಮಾಡಿದ. ಅದರಲ್ಲಿ ಮೇಲಿನ ಹುಡುಗನ ಕರಕರ ನಗು ಕೇಳಿಸಿತು.

ಅಷ್ಟು ಜನರ ಕೆಲಸ ಕೆಡಿಸಿದೆನಲ್ಲ, ನಾಲ್ಕು ಮಾತು ಬೈದಾದರೂ ಬಿಡಿ ಎಂದು ಅವಳು ಬೇಡಿಕೊಂಡಳು. ನರೆಗಡ್ಡದವನು ತಲೆಯಾಡಿಸಿದ. “ಬೈದರೆ ನಾಳೆ ನಿಜವಾಗ್ಲೂ ಏನಾದ್ರೂ ಕಂಡವನು ಕೈ ಎತ್ತೋಕೆ ಹಿಂದೆಮುಂದೆ ನೋಡ್ತಾನೆ. ಅದಕ್ಕೇ ನಾವು ಬೈಯಲ್ಲ.”

ಆಮೇಲೆ ಅವನು ಗಂಡನ ಕಡೆ ತಿರುಗಿ, ಅವನ ಅಂಗೈಯ ಕಡೆ ಒಮ್ಮೆ ನೋಡಿ, ನೀವೂ ಮೇಲಿನವರೇ ಏನು ಎಂದು ಕೇಳಿದ. ಹೌದೆಂದಾಗ ಪಕ್ಕಕ್ಕೆ ಜಾಗ ಬಿಟ್ಟ. ಗಂಡ ಅವನ ಪಕ್ಕದಲ್ಲಿ ನಿಂತ. ನರೆಗಡ್ಡದವನು ಒಂದು ಬೆರಳೆತ್ತಿ ಮೆಲ್ಲಗೆ ತಿರುಗಿಸಿದ. ತಲೆಯ ಮೇಲೆ ಆ ಮೆಟ್ಟಿಲ ಸಾಲು ಜೀವ ಬಂದಂತೆ ಕದಲಿತು. ಎಲ್ಲಿಂದಲೋ ಬಂದು ಎಲ್ಲಿಗೂ ಸೇರದ ಮೆಟ್ಟಿಲುಗಳು, ಮೋಡ ಹತ್ತಲು ಹೊರಟ ಹಾಗೆ, ಹೋಟೆಲಿನ ಒಂದೊಂದೇ ಕಿಟಕಿ ದಾಟಿ, ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಾ ಮೇಲೆ ಮೇಲೆ ಹೋದವು. ಟೈಲರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಕುತ್ತಿಗೆ ನೋಯುತ್ತಿದೆಯೆಂದು ತಿಳಿದದ್ದು ಅವು ಕಟ್ಟಡದೊಳಗೆ ಇಳಿದು ಮರೆಯಾದ ಮೇಲೆ.

ಭಾನುವಾರ ಸೈಟಿಗೆ ರಜೆ. ಗೂಡು ಖಾಲಿ. ಆದರೂ ಕ್ರೇನಿನ ತೋಳು ತಾನೇ ತಾನಾಗಿ ಒಂದಿಷ್ಟು ತಿರುಗುವುದು, ನಿಲ್ಲುವುದು, ಮತ್ತೆ ಹಿಂದಿರುಗುವುದು. ಕೆಟ್ಟಿದೆಯಾ ಎಂದು ಅವಳು ಕೇಳಿದಳು. ಕೆಲಸ ಮುಗಿದ ಮೇಲೆ ತೋಳಿನ ಬಿಗಿ ಬಿಟ್ಟು ಹೋಗುತ್ತಾರೆ, ಗಾಳಿ ಎತ್ತ ಬೀಸಿದರೆ ಅತ್ತ ತಿರುಗಿಕೊಳ್ಳಲಿ ಎಂದು, ಎಂದ ಗಂಡ. ಕಟ್ಟಿಹಾಕಿದರೆ ಮುರಿಯುತ್ತದೆಯಂತೆ. ಆಮೇಲೆ, ಅವಳು ಕೇಳದಿದ್ದರೂ, ಆ ದಿನದ ವಿಷಯ ತಾನಾಗಿಯೇ ತೆಗೆದ.

“ಅವತ್ತು ನಾನೂ ಬಿಗಿ ಬಿಟ್ಟು ಕೈ ಕಟ್ಟಿ ಕೂತೆ. ಊರೆಲ್ಲಾ ನನ್ನ ಕೆಳಗೆ ಆ ಕಡೆ ಈ ಕಡೆ ಓಡ್ತಿತ್ತು. ಆ ಕಡೆ ಬಂದಾಗೆಲ್ಲ ನಮ್ಮ ತಾರಸಿ ಕಾಣ್ತಿತ್ತು. ನೀನು ಹಸಿರು ಬೆಡ್‌ಶೀಟ್ ಒಣಹಾಕಿದ್ದೆ. ಗಾಳಿಗೆ ಹಾರಿಹೋಗುತ್ತೆ, ಇವಳು ಬಂದು ಎತ್ತಿಡಬಾರ್ದಾ ಅಂತ ಅಂದ್ಕೋತಿದ್ದೆ. ಆಮೇಲೆ ನೀನು ಬಂದು ಎತ್ತಿಕೊಂಡೆ. ಇಷ್ಟೇ ಇಷ್ಟಿದ್ದೆ.” ಹೆಬ್ಬೆರಳ ಉಗುರು ತೋರಿಸಿದ. “ಆಮೇಲೆ ನನಗೆ ಅಷ್ಟು ಭಯ ಆಗ್ಲಿಲ್ಲ.”

ಆ ಬೆಡ್‌ಶೀಟು ಎತ್ತಿಕೊಂಡದ್ದು ಟೈಲರಮ್ಮನಿಗೆ ನೆನಪೂ ಇರಲಿಲ್ಲ. ತಾನು ಮೂಗಿನ ನೇರಕ್ಕೆ ಹಗ್ಗದ ಮೇಲಿನ ಬಟ್ಟೆ ನೋಡುತ್ತಿದ್ದಾಗ ಆಕಾಶದಿಂದ ಒಬ್ಬ ಮನುಷ್ಯ ತನ್ನನ್ನೇ ಹಿಡಿದುಕೊಂಡು ಕೂತಿದ್ದ.

ಅವಳು ಮಂಚದ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು.

“ಕೈ ಚಾಚಲ್ಲ. ಅದರ ಬೆಲೆ ನನಗೀಗ ಗೊತ್ತಾಗಿದೆ” ಎಂದಳು. “ನಿಮ್ಮಿಂದ ಏನು ಬಿಡಿಸ್ತಿದೀನಿ ಅಂತ ಇಷ್ಟು ದಿನ ತಿಳಿಯದೇ ಕೇಳ್ತಿದ್ದೆ. ಈಗ ತಿಳಿದೂ ಕೇಳ್ತೀನಿ. ಕೆಳಗೆ ಬನ್ನಿ. ಬರಲ್ಲ ಅಂದ್ರೆ ಇನ್ನೊಂದು ಸಲ ಕೇಳಲ್ಲ, ಡಬ್ಬಿ ಕಟ್ಟಿಕೊಡ್ತೀನಿ.”

ಗಂಡ ಕಿಟಕಿಯ ಕಡೆ ನೋಡುತ್ತಾ ಕೂತ. ಎಸಿ ಒಂದೆರಡು ಸಲ ಗುರುಗುಟ್ಟಿ ಸುಮ್ಮನಾಯಿತು.

“ಗೋದಾಮು ಬೇಡ” ಎಂದ ಕೊನೆಗೆ.

ಅವಳು ತಲೆ ತಗ್ಗಿಸಿದಳು.

“ಸನ್ನೆ ಕೊಡೋ ಕೆಲಸ ಕೇಳ್ತೀನಿ. ಇಷ್ಟು ವರ್ಷ ಅಂಥವರ ಕೈ ನಂಬಿ ಎತ್ತಿದೀನಿ, ಇಳಿಸಿದೀನಿ. ಮೇಲಿಂದ ನೋಡಿದ್ರೆ ಅವರು ಒಂದು ಟೋಪಿ, ಎರಡು ಕೈ, ಅಷ್ಟೇ. ಅದು ಕೆಳಗಿನ ಕೆಲಸ ಅಂತ ಕೇವಲವಾಗಿ ನೋಡಿಬಿಟ್ಟಿದ್ದೆ. ನಿನ್ನೆ ಅವನ ಪಕ್ಕ ನಿಂತು ನೋಡಿದೆ. ಮೇಲಿನವನಿಗೆ ಕಾಣದ್ದನ್ನೆಲ್ಲ ಅವನೇ ನೋಡ್ತಾನೆ. ಕೊಟ್ಟರೆ ಅದು ಮಾಡ್ತೀನಿ.”

“ಸಂಬಳ?”

“ಗೋದಾಮಿಗಿಂತಲೂ ಕಮ್ಮಿ.”

“ಹೂಂ” ಎಂದಳು ಟೈಲರಮ್ಮ. ಗಂಡನ ಬಾಯಿಂದ ಹೊರಡಿಸಬೇಕೆಂದು ಬಂದ ಮಾತು ತನ್ನ ಬಾಯಿಂದಲೇ ಹೊರಟಿತೆಂದು ಅವಳಿಗೆ ತಿಳಿದು, ಬೇಡವೆಂದರೂ ನಗು ಬಂತು.

ಸೋಮವಾರ ಅವನು ಹೋಟೆಲಿನಿಂದಲೇ ಕೆಲಸಕ್ಕೆ ಹೋಗಿ ಕೇಳಿದ. ಮೇಲೆ ಕೂತು ಬಂದವನು ಕೆಳಗೆ ನಿಂತರೆ ನಮಗೂ ಒಳ್ಳೆಯದೇ ಎಂದು ಕಂಪನಿಯವರು ಒಪ್ಪಿದರು. ಎತ್ತರದ ಕೆಲಸಕ್ಕೆಂದು ಕೊಡುತ್ತಿದ್ದ ಭತ್ಯೆ ನಿಂತಿತು, ಸಂಬಳದಲ್ಲಿ ಮೂರನೇ ಒಂದು ಭಾಗ ಹೋಯಿತು. ಆ ಗಾಜಿನ ಕೋಣೆ ಹೋಯಿತು. ಅದಕ್ಕೆ ಅವನು ಕೆಲವು ವಾರ ಊಟ ಸರಿಯಾಗಿ ಮಾಡಲಿಲ್ಲ. ಮನೆಯಲ್ಲಿ ಗಂಡ ಬೆಳಕಿರುವಾಗಲೇ ಕೂತು ಊಟ ಮಾಡುವುದು ಶುರುವಾಯಿತು, ಟೈಲರಮ್ಮನ ಭಯ ಹೋಯಿತು.